ಚಳಿಗೆ ಏಳಲೊಲ್ಲದ ವಿದ್ಯುನ್ಮಂಡಲ

ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದ 2023ರ ಆಗಸ್ಟ್ 23ರ ಸಂಜೆಯನ್ನು ನಮ್ಮ ಶಾಲೆಗಳ ಮಕ್ಕಳು ಮರೆತಿರಲಾರರು. ಆದರೆ ಅದೇ ವರ್ಷದ ಸೆಪ್ಟೆಂಬರ್ 22 ಎಷ್ಟು ಮಂದಿಗೆ ನೆನಪಿದೆ? ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನಗಳಷ್ಟು ದೀರ್ಘವಾದುದು, ರಾತ್ರಿಯೂ ಅಷ್ಟೇ. ಹಗಲಿನ ಕೆಲಸ ಮುಗಿದೊಡನೆ ಪ್ರಜ್ಞಾನ್ ರೋವರನ್ನು ಸೆಪ್ಟೆಂಬರ್ 2ರಂದೂ ವಿಕ್ರಮನನ್ನು 4ರಂದೂ ಇಸ್ರೋ ವಿಜ್ಞಾನಿಗಳು ನಿದ್ರಾವಸ್ಥೆಗೆ ತಂದರು. ರೋವರಿನ ಬ್ಯಾಟರಿ ತುಂಬಿತ್ತು. ಮುಂದಿನ ಸೂರ್ಯೋದಯದ ಬೆಳಕು ಬೀಳುವಂತೆ ಅದರ ಸೌರಫಲಕವನ್ನು ತಿರುಗಿಸಿ ಇರಿಸಲಾಗಿತ್ತು. ಭೂಮಿಯಿಂದ ಕರೆ ಬಂದರೆ ಕೇಳಿಸಿಕೊಳ್ಳಲೆಂದು ರೇಡಿಯೋ ಗ್ರಾಹಕವನ್ನು ಮಾತ್ರ ಆರಿಸದೆ ಬಿಟ್ಟಿದ್ದರು. ಸೆಪ್ಟೆಂಬರ್ 22ರಂದು ಕರೆ ಹೋಯಿತು. ಉತ್ತರ ಬರಲಿಲ್ಲ.

ಇದನ್ನು ಸೋಲೆಂದು ಬರೆದವರಿದ್ದಾರೆ, ಅದು ಸರಿಯಲ್ಲ. ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ರೂಪಿಸಿದ್ದೇ ಚಂದ್ರನ ಒಂದು ಹಗಲಿನ ಕೆಲಸಕ್ಕಾಗಿ, ಆ ಕೆಲಸವನ್ನು ಅವು ಪೂರ್ತಿಗೊಳಿಸಿದ್ದವು. ಮರುದಿನ ಎದ್ದಿದ್ದರೆ ಅದು ಮೇಲೊಂದು ಲಾಭವಾಗುತ್ತಿತ್ತು. ಕುತೂಹಲದ ಸಂಗತಿ ಬೇರೆಯೇ ಇದೆ. 2024ರ ಜನವರಿಯಲ್ಲಿ ಚಂದ್ರನ ಮೇಲಿಳಿದ ಜಪಾನಿನ ಸ್ಲಿಮ್ ನೌಕೆಯೂ ಚಂದ್ರರಾತ್ರಿಯ ಚಳಿಯನ್ನು ಸಹಿಸಲೆಂದು ಕಟ್ಟಿದ್ದಲ್ಲ. ಇಳಿಯುವಾಗ ಮೂಗಡಿಯಾಗಿ ಬಿದ್ದಿತ್ತು ಬೇರೆ. ಆದರೂ ಅದು ಫೆಬ್ರವರಿಯ ಕೊನೆಯಲ್ಲಿ ಎದ್ದಿತು. ಮಾರ್ಚಿನಲ್ಲಿ ಮತ್ತೆ ಎದ್ದಿತು. ಏಪ್ರಿಲ್‌ನಲ್ಲಿ ಮೂರನೆಯ ಬಾರಿಯೂ ಎದ್ದು ಸಂಕೇತ ಕಳುಹಿಸಿತು. ಸೊನ್ನೆಗಿಂತ 120 ಡಿಗ್ರಿಗೂ ಕೆಳಗಿಳಿಯುವ ಚಳಿಯಲ್ಲಿ ಒಂದು ಯಂತ್ರ ಏಳುವುದಿಲ್ಲ, ಇನ್ನೊಂದು ಏಳುತ್ತದೆ. ಹೀಗೇಕೆ? ಸುಮಾರು 3,84,000 ಕಿಲೋಮೀಟರ್ ದೂರದಲ್ಲಿರುವ ಯಂತ್ರದ ಮುಚ್ಚಳ ಬಿಚ್ಚಿ, ಮಲ್ಟಿಮೀಟರಿನ ಕಡ್ಡಿ ಇಟ್ಟು ನೋಡಲು ಯಾರಿಗೂ ಸಾಧ್ಯವಿಲ್ಲ. ಆದರೆ ಚಳಿಗೆ ಏಳದ ಯಂತ್ರಗಳು ಭೂಮಿಯ ಮೇಲೂ ಬೇಕಾದಷ್ಟಿವೆ. ಅವನ್ನು ಮೇಜಿನ ಮೇಲಿಟ್ಟು ಪ್ರಶ್ನಿಸಬಹುದು. ಈ ವಾರದ ಅಂಕಣ ಆ ಪ್ರಶ್ನಿಸುವ ಕ್ರಮದ ಕುರಿತಾದುದು.

ಕಾಸರಗೋಡಿನ ಓದುಗರು ನಗಬಹುದು. ಧನು ಮಾಸದ ನಸುಕಿನಲ್ಲೂ ಹೊದಿಕೆ ಸಾಕೆನಿಸುವ ನಮಗೆ ಇದರ ಗೊಡವೆ ಏಕೆ ಎಂದು. ಆದರೆ ಉದಕಮಂಡಲದ ಕಡೆಯ ನಮ್ಮ ಓದುಗರಿಗೆ ಜನವರಿಯ ಮುಂಜಾನೆ ಹುಲ್ಲಿನ ಮೇಲೆ ಬಿಳಿಯ ಹಿಮದ ಪದರ ಕಾಣುವುದು ಹೊಸತಲ್ಲ. ಸೇನೆಯಲ್ಲಿರುವ ಅಣ್ಣಂದಿರು, ಮಾವಂದಿರು ಲಡಾಖಿನಿಂದ ರಜೆಗೆ ಬಂದಾಗ ಹೇಳುವ ಕಥೆಗಳು ಹಲವು ಮನೆಗಳಲ್ಲಿವೆ. ಸಿಯಾಚಿನ್ ಹಿಮನದಿಯಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಇಳಿಯುತ್ತದೆ. (ಅಲ್ಲಿ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಕಾಗಿಲ್ಲ, ಎರಡೂ ಅಳತೆಗಳು ಒಂದಾಗುವ ಅಂಕೆ ಅದು. ಲೆಕ್ಕ ಮಾಡಿ ನೋಡಿ.) ಅದೇ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ. ಆಜ್ಞೆಗಳು ಉಪಗ್ರಹದ ಮೂಲಕ ಹೋಗುತ್ತವೆ. ಚಳಿಗಾಲದ ರಾತ್ರಿಯಲ್ಲಿ ಸೊನ್ನೆಗಿಂತ 20 ಡಿಗ್ರಿಗೂ ಕೆಳಗಿಳಿಯುವ ಆ ಬೆಟ್ಟದ ಮೇಲೆ ಒಂದು ಚಿಕ್ಕ ವಿದ್ಯುನ್ಮಂಡಲ ಏಳದೆ ಹೋದರೂ ಹೊಸಕೋಟೆಯ ಪರದೆ ಕತ್ತಲಾಗಬಹುದು.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಪಾಠವನ್ನು ಗಮನವಿಟ್ಟು ಓದಿದ ವಿದ್ಯಾರ್ಥಿಗಳು ಇದನ್ನು ಖಂಡಿತ ಎತ್ತುತ್ತಾರೆ. ಲೋಹದ ತಂತಿಯನ್ನು ತಣಿಸಿದರೆ ಅದರ ರೋಧ ಕಡಿಮೆಯಾಗುತ್ತದೆಂದು ಪಠ್ಯಪುಸ್ತಕ ಹೇಳುತ್ತದೆ. ನಿಜ. 25 ಡಿಗ್ರಿಯಲ್ಲಿರುವ ತಾಮ್ರದ ತಂತಿಯನ್ನು ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ಇಳಿಸಿದರೆ ರೋಧ ಕಾಲು ಭಾಗದಷ್ಟು ಇಳಿಯುತ್ತದೆ. ಹಾಗಾದರೆ ಚಳಿಯಲ್ಲಿ ವಿದ್ಯುನ್ಮಂಡಲ ಇನ್ನೂ ಚೆನ್ನಾಗಿ ಓಡಬೇಕಲ್ಲವೇ? ತಂತಿಗಳಷ್ಟೇ ಇದ್ದಿದ್ದರೆ ಓಡುತ್ತಿತ್ತು. ಆದರೆ ಯಂತ್ರದೊಳಗೆ ಮತ್ತೆರಡು ಬಗೆಯ ವಸ್ತುಗಳಿವೆ. ಒಂದು, ಸಿಲಿಕಾನಿನಂತಹ ಅರೆವಾಹಕ. ಇನ್ನೊಂದು, ಬ್ಯಾಟರಿಯಲ್ಲೂ ಕೆಲವು ಕೆಪಾಸಿಟರುಗಳಲ್ಲೂ ಇರುವ ದ್ರವ ಅಥವಾ ಅಂಟಿನಂತಹ ವಿದ್ಯುದ್ವಿಭಾಜ್ಯ. ದ್ರವದಲ್ಲಿ ವಿದ್ಯುತ್ತನ್ನು ಹೊತ್ತೊಯ್ಯುವುದು ಅಯಾನುಗಳು. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುವಂತೆ ದ್ರವ ಗಟ್ಟಿಯಾಗುತ್ತ ಹೋದರೆ ಅವುಗಳ ಓಡಾಟ ನಿಧಾನವಾಗುತ್ತದೆ. ಆದುದರಿಂದ ಲೋಹ ಒಂದು ದಾರಿ ಹಿಡಿದರೆ ಇವು ಬೇರೆಯೇ ದಾರಿ ಹಿಡಿಯುತ್ತವೆ.

ಇನ್ನು, ಏಳುವುದು ಬೇರೆ, ಓಡುವುದು ಬೇರೆ. ಆಟಿ ತಿಂಗಳ ಮಳೆಯಲ್ಲಿ ಒಲೆ ಹೊತ್ತಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಲೆ ಒಮ್ಮೆ ಹತ್ತಿಕೊಂಡರೆ ಅರೆಹಸಿ ಕಟ್ಟಿಗೆಯೂ ಉರಿಯುತ್ತದೆ, ಏಕೆಂದರೆ ಉರಿಯ ಬಿಸಿಯೇ ಮುಂದಿನ ಕಟ್ಟಿಗೆಯನ್ನು ಒಣಗಿಸುತ್ತದೆ. ಕಷ್ಟವಿರುವುದು ಮೊದಲ ಕಿಡಿಗೆ. ಅದಕ್ಕೆ ಒಣಗಿದ ಮಡಲು ಬೇಕು. ವಿದ್ಯುನ್ಮಂಡಲವೂ ಹಾಗೆಯೇ. ಓಡುತ್ತಿರುವ ಯಂತ್ರ ತನ್ನ ಬಿಸಿಯನ್ನು ತಾನೇ ಉಂಟುಮಾಡಿಕೊಳ್ಳುತ್ತದೆ. ಸುತ್ತಲೂ ಹಿಮವಿದ್ದರೂ ಒಳಗಿನ ಬಿಡಿಭಾಗಗಳು ಬೆಚ್ಚಗಿರುತ್ತವೆ. ರಾತ್ರಿಯಿಡೀ ಆರಿಸಿಟ್ಟ ಯಂತ್ರಕ್ಕೆ ಆ ಸೌಕರ್ಯವಿಲ್ಲ. ಅದರ ಪ್ರತಿಯೊಂದು ಭಾಗವೂ ಹೊರಗಿನ ಚಳಿಯಷ್ಟೇ ತಣ್ಣಗಿರುತ್ತದೆ, ಮತ್ತು ಆ ಕ್ಷಣದಲ್ಲೇ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ. ನಿನ್ನೆ ರಾತ್ರಿ ಹನ್ನೊಂದರವರೆಗೆ ಸರಿಯಾಗಿದ್ದುದು ಬೆಳಗ್ಗೆ ಏಕೆ ಏಳುತ್ತಿಲ್ಲ ಎಂದು ಬೆರಗಾಗಬೇಕಾಗಿಲ್ಲ.

ಚಳಿ ಮೊದಲು ಕೈ ಹಾಕುವುದು ಬ್ಯಾಟರಿಯ ಮೇಲೆ. ಇಲ್ಲಿ ಅನುಭವಿಗಳೂ ಮೋಸಹೋಗುವುದುಂಟು. ತಣ್ಣಗಿರುವ ಶುಷ್ಕಕೋಶದ ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಅದು ಹೆಚ್ಚುಕಡಿಮೆ 1.5 ವೋಲ್ಟನ್ನೇ ತೋರಿಸುತ್ತದೆ. "ಬ್ಯಾಟರಿ ಸರಿಯಾಗಿಯೇ ಇದೆ" ಎಂದು ತೀರ್ಮಾನಿಸಿ ದೋಷವನ್ನು ಬೇರೆಲ್ಲೋ ಹುಡುಕತೊಡಗುತ್ತಾರೆ. ಆದರೆ ಮಲ್ಟಿಮೀಟರ್ ಕೋಶದಿಂದ ಪಡೆಯುವ ಪ್ರವಾಹ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಚಳಿಯಲ್ಲಿ ಏರಿರುವುದು ಕೋಶದ ಆಂತರಿಕ ರೋಧ, ಮತ್ತು ಅದು ತನ್ನ ಗುಣವನ್ನು ತೋರಿಸುವುದು ಪ್ರವಾಹ ಹರಿದಾಗ ಮಾತ್ರ. ಯಂತ್ರದ ಗುಂಡಿ ಒತ್ತಿದ ಕ್ಷಣ ವೋಲ್ಟೇಜು ಕುಸಿಯುತ್ತದೆ. ಒಳಗಿನ ಮೈಕ್ರೋಕಂಟ್ರೋಲರ್ ಆ ಕುಸಿತವನ್ನು ಕಂಡು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಆರಂಭಿಸಿದೊಡನೆ ವೋಲ್ಟೇಜು ಪುನಃ ಕುಸಿಯುತ್ತದೆ. ಹೊರಗಿನಿಂದ ನೋಡುವವರಿಗೆ ದೀಪವೊಂದು ಮಿನುಗಿ ಆರಿದಂತೆ ಕಾಣುತ್ತದೆ, ಅಷ್ಟೇ. ಆದುದರಿಂದ ಬ್ಯಾಟರಿಯ ವೋಲ್ಟೇಜನ್ನು ಅಳೆಯಬೇಕಾದುದು ಗುಂಡಿ ಒತ್ತುವ ಮೊದಲಲ್ಲ, ಒತ್ತಿದಾಗ.

ಮೊಬೈಲ್ ಫೋನುಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯ ಬಗ್ಗೆ ಹೆತ್ತವರಿಗೆ ಒಂದು ಮಾತು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಬಳಸಿದರೆ ಬೇಗ ಸೋಲುತ್ತದೆ, ಬೆಚ್ಚಗಾದರೆ ಚೇತರಿಸಿಕೊಳ್ಳುತ್ತದೆ. ಆದರೆ ಆ ಚಳಿಯಲ್ಲಿ ಚಾರ್ಜ್ ಮಾಡಿದರೆ ಒಳಗಿನ ವಿದ್ಯುದ್ವಾರದ ಮೇಲೆ ಲಿಥಿಯಂ ಲೋಹವಾಗಿ ಕುಳಿತುಕೊಳ್ಳುತ್ತದೆ. ಆ ಹಾನಿ ಸರಿಹೋಗುವುದಿಲ್ಲ. ಚಳಿನಾಡಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳುವ ಹತ್ತು ಎಚ್ಚರಿಕೆಗಳ ಜೊತೆ ಇದನ್ನೂ ಸೇರಿಸಬಹುದು.

ಎರಡನೆಯದು ಟ್ರಾನ್ಸಿಸ್ಟರ್. ಸಿಲಿಕಾನ್ ಟ್ರಾನ್ಸಿಸ್ಟರು ತೆರೆದುಕೊಳ್ಳಲು ಅದರ ಬೇಸ್ ಮತ್ತು ಎಮಿಟರುಗಳ ನಡುವೆ ಕೋಣೆಯ ಉಷ್ಣತೆಯಲ್ಲಿ ಸುಮಾರು 0.65 ವೋಲ್ಟ್ ಬೇಕು. ಉಷ್ಣತೆ ಒಂದು ಡಿಗ್ರಿ ಇಳಿದಾಗಲೆಲ್ಲ ಇದು ಸುಮಾರು 2 ಮಿಲಿವೋಲ್ಟಿನಷ್ಟು ಏರುತ್ತದೆ. 25 ಡಿಗ್ರಿಯಿಂದ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ 65 ಡಿಗ್ರಿಗಳ ಅಂತರ. ಅಂದರೆ 130 ಮಿಲಿವೋಲ್ಟ್. ಈಗ ಬೇಕಾದುದು 0.78 ವೋಲ್ಟ್. ಜೊತೆಗೆ ಟ್ರಾನ್ಸಿಸ್ಟರಿನ ವರ್ಧನಶಕ್ತಿಯೂ ಕುಗ್ಗುತ್ತದೆ. 0.13 ವೋಲ್ಟ್ ಚಿಕ್ಕದಲ್ಲವೇ ಎಂದು ಕೇಳಬಹುದು. 12 ವೋಲ್ಟಿನ ಮಂಡಲದಲ್ಲಿ ಅದು ಏನೂ ಅಲ್ಲ. ಒಂದೇ ಕೋಶದಿಂದ ನಡೆಯುವ, ಅದೂ ಆ ಕೋಶ ಚಳಿಗೆ ಸೋತಿರುವ ಮಂಡಲದಲ್ಲಿ, ಏಳುವುದಕ್ಕೂ ಏಳದಿರುವುದಕ್ಕೂ ಇರುವ ಅಂತರವೇ ಅಷ್ಟು. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿದಿರುತ್ತದೆ.

ಮೂರನೆಯದು ಕೆಪಾಸಿಟರ್. ಪಠ್ಯಪುಸ್ತಕಗಳಲ್ಲಿ ಇದು ಧಾರಕ ಅಥವಾ ಸಂಧಾರಕ. ರೇಡಿಯೋ ರಿಪೇರಿಯ ಹಳೆಯ ತಲೆಮಾರಿನವರ ಬಾಯಲ್ಲಿ ಕಂಡೆನ್ಸರ್. ಹೆಸರು ಯಾವುದಾದರೂ ಸರಿ, ಚಳಿಯಲ್ಲಿ ಯಂತ್ರ ಏಳದಿದ್ದರೆ ನಾನು ಬ್ಯಾಟರಿಯ ನಂತರ ಸಂಶಯಿಸುವುದು ಇದನ್ನೇ, ವಿಶೇಷವಾಗಿ ಒಳಗೆ ದ್ರವವಿರುವ ಎಲೆಕ್ಟ್ರೊಲೈಟಿಕ್ ಜಾತಿಯ ಸಣ್ಣ ಡಬ್ಬಿಗಳನ್ನು. ಟಿವಿ, ಸೆಟ್ ಟಾಪ್ ಬಾಕ್ಸ್, ಕಂಪ್ಯೂಟರ್ ಇವುಗಳಿಗೆಲ್ಲ ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್ ಎಂಬ ಭಾಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ, ಏಕೆಂದರೆ ಏಳುವ ಕ್ರಿಯೆ ಅಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ.

ತೋಟದ ಪಂಪನ್ನು ನೆನಪಿಸಿಕೊಳ್ಳಿ. ಪಂಪಿನೊಳಗೆ ನೀರಿಲ್ಲದಿದ್ದರೆ ಅದು ಬಾವಿಯಿಂದ ನೀರೆತ್ತುವುದಿಲ್ಲ. ಮೊದಲು ಕೊಡದಿಂದ ನೀರು ಹೊಯ್ದು ತುಂಬಿಸಬೇಕು. ಆ ನೀರು ಖಾಲಿಯಾಗುವುದರೊಳಗೆ ಬಾವಿಯ ನೀರು ಮೇಲೇರಿದರೆ ಪಂಪು ಹಿಡಿದುಕೊಂಡಿತು. ಇಲ್ಲವಾದರೆ ಮತ್ತೆ ಕೊಡ ಹಿಡಿಯಬೇಕು. ಎಸ್‌ಎಂಪಿಎಸ್‌ನಲ್ಲೂ ಇದೇ ನಡೆಯುತ್ತದೆ. ಅದನ್ನು ನಿಯಂತ್ರಿಸುವ ಐಸಿಗೆ ಕೆಲವೇ ವೋಲ್ಟುಗಳ ಪೂರೈಕೆ ಬೇಕು, ಆದರೆ ಆ ಪೂರೈಕೆಯನ್ನು ಉತ್ಪಾದಿಸಬೇಕಾದುದು ಅದೇ ಎಸ್‌ಎಂಪಿಎಸ್! ಈ ತೊಡಕನ್ನು ಬಿಡಿಸಲು ಒಂದು ಚಿಕ್ಕ ಕೆಪಾಸಿಟರನ್ನು ಕೊಡದಂತೆ ಇರಿಸಿರುತ್ತಾರೆ. ಹೆಚ್ಚು ರೋಧದ ರೆಸಿಸ್ಟರಿನ ಮೂಲಕ ಅದು ಹನಿಹನಿಯಾಗಿ ತುಂಬುತ್ತದೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಯುಸಿ3842 ಎಂಬ ಐಸಿ ಇದ್ದರೆ, ಕೆಪಾಸಿಟರಿನ ವೋಲ್ಟೇಜು 16ಕ್ಕೆ ಏರಿದಾಗ ಐಸಿ ಎಚ್ಚರಗೊಳ್ಳುತ್ತದೆ. 10ಕ್ಕೆ ಇಳಿದರೆ ಮತ್ತೆ ಮಲಗುತ್ತದೆ. ಈ 6 ವೋಲ್ಟುಗಳ ಇಳಿತದೊಳಗೆ ಟ್ರಾನ್ಸ್‌ಫಾರ್ಮರಿನ ಪುಟ್ಟ ಸುರುಳಿಯೊಂದು ಪೂರೈಕೆಯನ್ನು ವಹಿಸಿಕೊಳ್ಳಬೇಕು.

ಎಷ್ಟು ಹೊತ್ತು ಸಿಗುತ್ತದೆ? ಹತ್ತನೆಯ ತರಗತಿ ದಾಟಿದವರು ಲೆಕ್ಕ ಮಾಡಬಲ್ಲರು. ಕೆಪಾಸಿಟರು 100 ಮೈಕ್ರೋಫ್ಯಾರಡ್, ಎಚ್ಚರಗೊಂಡ ಐಸಿ ಹೀರುವ ಪ್ರವಾಹ 15 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ 16ರಿಂದ 10ಕ್ಕೆ ಇಳಿಯಲು 40 ಮಿಲಿಸೆಕೆಂಡುಗಳು ಬೇಕು. ಅಷ್ಟು ಹೊತ್ತು ಸಾಕು. ವರ್ಷಗಳ ಬಿಸಿಗೆ ದ್ರವ ಒಣಗಿ, ಉಳಿದದ್ದು ಚಳಿಗೆ ಗಟ್ಟಿಯಾಗಿ, ಅದೇ ಕೆಪಾಸಿಟರ್ 10 ಮೈಕ್ರೋಫ್ಯಾರಡ್‌ನಷ್ಟೇ ಕೆಲಸ ಮಾಡುತ್ತಿದ್ದರೆ ಸಿಗುವುದು 4 ಮಿಲಿಸೆಕೆಂಡ್. ಅಷ್ಟರೊಳಗೆ ಸುರುಳಿಯ ಪೂರೈಕೆ ಬರದಿದ್ದರೆ ಐಸಿ ಮಲಗುತ್ತದೆ, ಕೊಡ ಮತ್ತೆ ತುಂಬತೊಡಗುತ್ತದೆ.

ಇದಕ್ಕಿಂತಲೂ ಹೆಚ್ಚು ಕಾಡುವುದು ಕೆಪಾಸಿಟರಿನ ಒಳಗಿನ ಸರಣಿ ರೋಧ. ಹೊಸ ಕೆಪಾಸಿಟರಿನಲ್ಲಿ ಒಂದೆರಡು ಓಮ್‌ಗೂ ಕಡಿಮೆಯಿರುವ ಇದು ಕಡು ಚಳಿಯಲ್ಲಿ ಹತ್ತು ಪಟ್ಟಿಗೂ ಮೀರಿ ಏರುವುದುಂಟು. ಐಸಿಯು ತನ್ನ ಮುಂದಿರುವ ಮಾಸ್‌ಫೆಟ್ಟನ್ನು ತೆರೆಯಲು ಅರೆ ಆಂಪಿಯರಿನಷ್ಟು ಪ್ರವಾಹವನ್ನು ಕ್ಷಣಮಾತ್ರ ಸೆಳೆಯುತ್ತದೆಂದು ಭಾವಿಸಿ. ಸರಣಿ ರೋಧ 12 ಓಮ್ ಆಗಿದ್ದು, ಪಕ್ಕದಲ್ಲಿ ಸಹಾಯಕ್ಕೆ ಬೇರೆ ಕೆಪಾಸಿಟರ್ ಇಲ್ಲದಿದ್ದರೆ, ಓಮನ ನಿಯಮದಂತೆ 6 ವೋಲ್ಟ್ ಅಲ್ಲೇ ಕಳೆದುಹೋಯಿತು. 16ರಲ್ಲಿ 6 ಹೋದರೆ 10. ಕೊಡದಲ್ಲಿ ನೀರಿದೆ, ಆದರೆ ಅದರ ಬಾಯಿ ಕಟ್ಟಿದೆ.

ಈ ಏಳುಬೀಳುಗಳ ಸದ್ದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸ್ವಿಚ್ ಹಾಕಿದ ಹಳೆಯ ಟಿವಿಯೊಳಗಿನಿಂದ "ಟಿಕ್... ಟಿಕ್... ಟಿಕ್..." ಎಂದು ಬರುತ್ತಿರುತ್ತದೆ, ಕೆಲವು ನಿಮಿಷಗಳ ನಂತರ, ಯಾರೂ ಏನೂ ಮಾಡದೆ, ಟಿವಿ ಚಾಲೂ ಆಗುತ್ತದೆ. ಮನೆಯವರು ಅದರ ಬೆನ್ನಿಗೆ ತಟ್ಟಿದ್ದರಿಂದ ಸರಿಯಾಯಿತೆಂದು ನಂಬುತ್ತಾರೆ. ನಡೆದದ್ದು ಇಷ್ಟು: ಪ್ರತಿ ಪ್ರಯತ್ನದಲ್ಲೂ ಕೆಪಾಸಿಟರಿನ ಸರಣಿ ರೋಧದಲ್ಲಿ ಒಂದಿಷ್ಟು ಬಿಸಿ ಹುಟ್ಟುತ್ತದೆ, ಸುತ್ತಲಿನ ಭಾಗಗಳೂ ತುಸು ಕಾಯುತ್ತವೆ, ಬಿಸಿಗೆ ದ್ರವ ಸಡಿಲಗೊಳ್ಳುತ್ತದೆ, ಕೊನೆಗೊಂದು ಪ್ರಯತ್ನ ಫಲಿಸುತ್ತದೆ. ನಮ್ಮ ಕರಾವಳಿಯ ಬೆಚ್ಚನೆಯ ಮನೆಯಲ್ಲೇ ಹೀಗಾದರೆ ಆ ಕೆಪಾಸಿಟರ್ ಬಹಳ ಮಟ್ಟಿಗೆ ಒಣಗಿದೆಯೆಂದು ತಿಳಿಯಬೇಕು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಮಯವನ್ನು ಕಾಯುವ ಸ್ಫಟಿಕದ ಆಂದೋಲಕ ಚಳಿಯಲ್ಲಿ ತುಸು ನಿಧಾನವಾಗುತ್ತದೆ: ಕೈಗಡಿಯಾರದಲ್ಲಿರುವ, ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕ ಸೊನ್ನೆಗಿಂತ 40 ಡಿಗ್ರಿ ಕೆಳಗೆ ದಿನಕ್ಕೆ ಸುಮಾರು 12 ಸೆಕೆಂಡ್ ಹಿಂದೆ ಬೀಳುತ್ತದೆ. ಅದು ಸಹಿಸಬಹುದಾದ ದೋಷ. ಆದರೆ ವಿನ್ಯಾಸದಲ್ಲಿ ಮೊದಲೇ ಅಂಚಿನಲ್ಲಿದ್ದ ಆಂದೋಲಕ ಚಳಿಗೆ ಕಂಪಿಸಲು ತೊಡಗುವುದೇ ಇಲ್ಲ; ಆಗ ಇಡೀ ಯಂತ್ರ ತೆಪ್ಪಗಿರುತ್ತದೆ. ದ್ರವಸ್ಫಟಿಕದ ಪರದೆ ನಿಧಾನವಾಗಿ ಮಾಸುತ್ತದೆ. ಯಂತ್ರ ಎದ್ದಿದ್ದರೂ ಪರದೆ ಬರಿದಾಗಿರುವುದರಿಂದ ಎದ್ದಿಲ್ಲವೆಂದು ತಿಳಿಯುವವರಿದ್ದಾರೆ. ಕಣ್ಣಿಗೆ ಕಾಣದ ಬಿರುಕು ಬಿಟ್ಟ ಬೆಸುಗೆ, ಚಳಿಗೆ ಫಲಕ ಕುಗ್ಗಿದಾಗ ಬಾಯಿ ತೆರೆಯುತ್ತದೆ.

ಕಾರಣಗಳು ಇಷ್ಟಿರುವಾಗ ನಿಜವಾದ ಅಪರಾಧಿಯನ್ನು ಹುಡುಕುವುದು ಹೇಗೆ? ನಾನು ಕಂಡ ಹಲವು ರಿಪೇರಿಗಳಲ್ಲಿ ನಡೆಯುವುದೇನೆಂದರೆ ಇಡೀ ಬೋರ್ಡನ್ನೇ ಬದಲಾಯಿಸುವುದು. ಯಂತ್ರ ಎದ್ದೀತು, ಆದರೆ ಹೊಸ ಬೋರ್ಡಿನಲ್ಲೂ ಅದೇ ಜಾತಿಯ ಕೆಪಾಸಿಟರುಗಳಿದ್ದರೆ ಕೆಲವು ಚಳಿಗಾಲಗಳು ಕಳೆದ ಮೇಲೆ ದೋಷ ಮರಳುತ್ತದೆ, ಮನೆಯವರು ಎರಡನೆಯ ಬಾರಿ ಹಣ ತೆರುತ್ತಾರೆ. ಕ್ರಮವಾಗಿ ಹುಡುಕಿದರೆ ಹತ್ತು ಹದಿನೈದು ರೂಪಾಯಿಯ ಒಂದು ಬಿಡಿಭಾಗದಲ್ಲಿ ಮುಗಿಯುವ ಕೆಲಸ ಅದು.

ಮೊದಲು, ದೋಷ ಚಳಿಯದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಯಂತ್ರವನ್ನು ಬೆಚ್ಚನೆಯ ಕೋಣೆಯಲ್ಲಿ ಕೆಲವು ಗಂಟೆ ಇರಿಸಿ ಚಾಲೂ ಮಾಡಿದರೆ ಏಳುತ್ತದೆಯೇ? ಮತ್ತೆ ತಣಿಸಿದರೆ ಹಟ ಮಾಡುತ್ತದೆಯೇ? ಒಮ್ಮೆ ಕಂಡದ್ದನ್ನು ನಂಬದೆ ಎರಡು ಮೂರು ಬಾರಿ ಪರೀಕ್ಷಿಸಿ, ಯಾವ ಉಷ್ಣತೆಯಲ್ಲಿ ಏನಾಯಿತೆಂದು ಬರೆದಿಡಬೇಕು. ಚಳಿಯಿಂದ ಬೆಚ್ಚನೆಯ ಕೋಣೆಗೆ ತರುವಾಗ ಯಂತ್ರವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೇ ತರಬೇಕು, ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬಾರದು. ಇಲ್ಲವಾದರೆ ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಫಲಕದ ಮೇಲೆ ನೀರು ಕೂರುತ್ತದೆ, ಇಲ್ಲದ ದೋಷವೊಂದು ಹುಟ್ಟಿಕೊಳ್ಳುತ್ತದೆ.

ಎರಡನೆಯ ಹೆಜ್ಜೆ ಬೇರ್ಪಡಿಸುವುದು. ಬ್ಯಾಟರಿಯನ್ನು ಬೆಚ್ಚಗಿಟ್ಟು ಮಂಡಲವನ್ನು ಮಾತ್ರ ಚಳಿಯಲ್ಲಿರಿಸಿ ನೋಡಬೇಕು. ಆಮೇಲೆ ಅದಲುಬದಲು ಮಾಡಬೇಕು. ಬೆಚ್ಚನೆಯ ಬ್ಯಾಟರಿಯೊಡನೆ ತಣ್ಣನೆಯ ಮಂಡಲ ಎದ್ದರೆ ಮಂಡಲ ನಿರಪರಾಧಿ. ಎಷ್ಟು ಸರಳವಾದ ಪ್ರಯೋಗ! ಆದರೂ ಇದನ್ನು ಮಾಡದೆ ಬೆಸುಗೆಕಡ್ಡಿ ಹಿಡಿಯುವವರೇ ಹೆಚ್ಚು.

ದೋಷ ಮಂಡಲದಲ್ಲಿದೆಯೆಂದು ಗೊತ್ತಾದ ಮೇಲೆ ಮೂರನೆಯ ಹೆಜ್ಜೆ. ಇಡೀ ಫಲಕ ತಣ್ಣಗಿರುವಾಗ ಒಂದೇ ಒಂದು ಭಾಗವನ್ನು ಬೆಚ್ಚಗೆ ಮಾಡಿ ಗುಂಡಿ ಒತ್ತಿ ನೋಡಬೇಕು. ಕೂದಲು ಒಣಗಿಸುವ ಹೇರ್ ಡ್ರೈಯರಿನ ಬಾಯಿಗೆ ರಟ್ಟಿನ ಸಣ್ಣ ಕೊಳವೆ ಕಟ್ಟಿದರೆ ಬಿಸಿಗಾಳಿಯನ್ನು ಒಂದು ಬೆರಳಿನಷ್ಟು ಜಾಗಕ್ಕೆ ಕಟ್ಟಿಹಾಕಬಹುದು. ಇದರ ತಿರುಗುಮುರುಗು ಕ್ರಮ ಇನ್ನೂ ನಿಖರವಾದುದು: ಬೆಚ್ಚಗಿರುವ, ಸರಿಯಾಗಿ ಏಳುತ್ತಿರುವ ಫಲಕದಲ್ಲಿ ಒಂದೊಂದೇ ಭಾಗವನ್ನು ತಣಿಸುತ್ತ ಹೋಗುವುದು. ಇದಕ್ಕೆಂದೇ ತಣಿಸುವ ಸ್ಪ್ರೇ ಡಬ್ಬಿಗಳು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಯಾವ ಭಾಗ ತಣ್ಣಗಾದಾಗ ಯಂತ್ರ ಏಳಲು ನಿರಾಕರಿಸುತ್ತದೆಯೋ ಅಲ್ಲಿ ನಿಲ್ಲಿ. ಒಮ್ಮೆಗೆ ಎರಡು ಭಾಗಗಳನ್ನು ಮುಟ್ಟಬಾರದು. ಅವಸರಪಟ್ಟರೆ ಬಿಸಿ ಪಕ್ಕದ ಭಾಗಕ್ಕೂ ಹರಡಿ ಸುಳ್ಳು ಸಾಕ್ಷಿ ಹೇಳುತ್ತದೆ. ಪ್ರತಿ ಪರೀಕ್ಷೆಯ ನಂತರ ಫಲಕ ಮೊದಲ ಸ್ಥಿತಿಗೆ ಮರಳುವವರೆಗೆ ಕಾಯಬೇಕು. ಈ ಕಾಯುವಿಕೆ ಬೇಸರದ ಕೆಲಸವೇ ಸರಿ.

ಇಲ್ಲಿ ಮಕ್ಕಳಿಗೂ ಹೆತ್ತವರಿಗೂ ಕಟ್ಟುನಿಟ್ಟಿನ ಒಂದು ಎಚ್ಚರಿಕೆ. 230 ವೋಲ್ಟಿನ ಮನೆಯ ವಿದ್ಯುತ್ತಿನಿಂದ ನಡೆಯುವ ಎಸ್‌ಎಂಪಿಎಸ್‌ನ ಒಳಗೆ ಸುಮಾರು 325 ವೋಲ್ಟಿನ ನೇರ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಅದು ಪ್ರಾಣಾಪಾಯದ ವೋಲ್ಟೇಜು. ಟಿವಿ, ಅಡಾಪ್ಟರುಗಳನ್ನು ಬಿಚ್ಚುವ ಕೆಲಸ ತರಬೇತಿ ಪಡೆದವರದ್ದು. ಮೇಲೆ ವಿವರಿಸಿದ್ದು ನಡೆಯುವುದೇನೆಂದು ತಿಳಿಯಲಿಕ್ಕಾಗಿಯೇ ಹೊರತು ಮನೆಯಲ್ಲಿ ಮಾಡಿ ನೋಡಲಿಕ್ಕಲ್ಲ.

ಮನೆಯಲ್ಲಿ ಮಾಡಬಹುದಾದ ಪ್ರಯೋಗ ಬೇರೆಯಿದೆ, ಅದಕ್ಕೆ ಫ್ರಿಜ್ಜಿನ ಫ್ರೀಜರ್ ಸಾಕು. ಅಲ್ಲಿ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ ಇರುತ್ತದೆ. ಗಡಿಯಾರಕ್ಕೆ ಹಾಕುವ ಸಾಮಾನ್ಯ ಕೋಶವೊಂದು, ಟಾರ್ಚಿನ ಹಳೆಯ ಮಾದರಿಯ ಪುಟ್ಟ ಬಲ್ಬು, ಮಲ್ಟಿಮೀಟರ್ ಇಷ್ಟಿರಲಿ. ಕೋಶದ ವೋಲ್ಟೇಜನ್ನು ಬಲ್ಬಿಲ್ಲದೆ ಒಮ್ಮೆ, ಬಲ್ಬು ಉರಿಯುತ್ತಿರುವಾಗ ಒಮ್ಮೆ ಅಳೆದು ಬರೆದುಕೊಳ್ಳಿ. ಕೋಶವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ಮೂರು ಗಂಟೆ ಫ್ರೀಜರಿನಲ್ಲಿಟ್ಟು, ತೆಗೆದ ಕೂಡಲೇ ಅದೇ ಎರಡು ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ. ಬಲ್ಬಿಲ್ಲದ ಅಳತೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಬಲ್ಬು ಉರಿಯುವಾಗಿನ ಅಳತೆಗಳ ನಡುವಣ ವ್ಯತ್ಯಾಸ ನೋಡಿ. ಕೋಶ ಮತ್ತೆ ಬೆಚ್ಚಗಾದ ಮೇಲೆ ಮೂರನೆಯ ಬಾರಿ ಅಳೆಯುವುದನ್ನು ಮರೆಯಬೇಡಿ. ಸತ್ತುಹೋದದ್ದಕ್ಕೂ ಮರಗಟ್ಟಿದ್ದಕ್ಕೂ ಇರುವ ಭೇದ ಅಲ್ಲಿ ಕಾಣುತ್ತದೆ. ಮೊಬೈಲನ್ನಾಗಲಿ ಅದರ ಬ್ಯಾಟರಿಯನ್ನಾಗಲಿ ಇದಕ್ಕೆ ಬಳಸಕೂಡದು. ಶಾಲೆಯ ವಿಜ್ಞಾನ ಸಂಘದವರು ಒಂದೇ ಕೋಶದಿಂದ ಎಲ್‌ಇಡಿ ಬೆಳಗಿಸುವ ಒಂದು ಟ್ರಾನ್ಸಿಸ್ಟರಿನ ಆಂದೋಲಕವನ್ನು ಕಟ್ಟಿದ್ದರೆ, ಉದ್ದ ತಂತಿಗಳನ್ನು ಬಳಸಿ ಕೋಶವನ್ನು ಹೊರಗಿಟ್ಟು ಮಂಡಲವನ್ನು ಮಾತ್ರ ಒಳಗಿರಿಸಬಹುದು. ಹಳೆಯದಾದ, ಬಳಲಿದ ಕೋಶವನ್ನು ಆರಿಸಿಕೊಳ್ಳಿ. ಆರಿಸದೆ ಬಿಟ್ಟ ಮಂಡಲ ಉರಿಯುತ್ತಲೇ ಇದ್ದು, ಒಮ್ಮೆ ಆರಿಸಿದ ಮೇಲೆ ಮತ್ತೆ ಹೊತ್ತದಿರುವುದನ್ನು ನೋಡುವ ಅದೃಷ್ಟ ನಿಮಗೆ ಸಿಗಬಹುದು.

ದೂರದ ಗ್ರಹಗಳಿಗೆ ಯಂತ್ರ ಕಳುಹಿಸುವವರು ಈ ಹುಡುಕಾಟಕ್ಕೆ ಅವಕಾಶವಿಲ್ಲವೆಂದು ಮೊದಲೇ ಅರಿತಿರುತ್ತಾರೆ. 1970ರ ನವೆಂಬರಿನಲ್ಲಿ ಚಂದ್ರನ ಮೇಲಿಳಿದ ಸೋವಿಯತ್ ಒಕ್ಕೂಟದ ಲುನೊಖೋದ್ 1 ರಾತ್ರಿಯಾದೊಡನೆ ತನ್ನ ಮುಚ್ಚಳವನ್ನು ಮುಚ್ಚಿಕೊಳ್ಳುತ್ತಿತ್ತು. ಒಳಗೆ ವಿಕಿರಣಶೀಲ ಪೊಲೋನಿಯಂನ ಬಿಸಿ ಅದನ್ನು ಕಾಯುತ್ತಿತ್ತು. ಹಾಗೆ ಅದು ಹತ್ತು ತಿಂಗಳ ಕಾಲ ರಾತ್ರಿಗಳನ್ನು ದಾಟಿ ದಾಟಿ ಎದ್ದಿತು. ಭೂಮಿಯ ಮೇಲಿನ ಚಳಿನಾಡಿನ ಯಂತ್ರಗಳಲ್ಲೂ ಮೊದಲು ಒಂದು ಚಿಕ್ಕ ಹೀಟರ್ ಹೊತ್ತಿಕೊಂಡು, ಒಳಗಿನ ಉಷ್ಣತೆ ಒಂದು ಮಟ್ಟಕ್ಕೆ ಬಂದ ಮೇಲಷ್ಟೇ ಉಳಿದ ಮಂಡಲಕ್ಕೆ ವಿದ್ಯುತ್ ಹರಿಯುವಂತೆ ಮಾಡುವುದುಂಟು. ಒಣಗಿದ ಮಡಲನ್ನು ಮೊದಲು ಹೊತ್ತಿಸುವ ಅದೇ ಉಪಾಯ.

ಅಂಗಡಿಯಿಂದ ಬಿಡಿಭಾಗ ಕೊಳ್ಳುವವರು ನೋಡಬೇಕಾದ ಅಂಕೆ ಒಂದಿದೆ. ಐಸಿಗಳಲ್ಲಿ ಸಾಮಾನ್ಯ ದರ್ಜೆಯವು ಸೊನ್ನೆಯಿಂದ 70 ಡಿಗ್ರಿಯವರೆಗೆ ಮಾತ್ರ ಹೊಣೆ ಹೊರುತ್ತವೆ. ಕೈಗಾರಿಕಾ ದರ್ಜೆಯವು ಸೊನ್ನೆಗಿಂತ 40 ಕೆಳಗಿನಿಂದ 85ರವರೆಗೆ. ಸೇನಾ ದರ್ಜೆಯವು 55 ಕೆಳಗಿನಿಂದ 125ರವರೆಗೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ 85 ಅಥವಾ 105 ಎಂಬ ಮೇಲಿನ ಮಿತಿಯನ್ನು ಎಲ್ಲರೂ ಓದುತ್ತಾರೆ. ಹಲವು ಡಬ್ಬಿಗಳ ಮೇಲೆ ಕೆಳಗಿನ ಮಿತಿಯೂ ಅಚ್ಚಾಗಿರುತ್ತದೆ: ಕೆಲವದರಲ್ಲಿ ಋಣ 25, ಕೆಲವದರಲ್ಲಿ ಋಣ 40, ಉತ್ತಮವಾದವುಗಳಲ್ಲಿ ಋಣ 55. ಗಾತ್ರ, ಬಣ್ಣ, ಮೈಕ್ರೋಫ್ಯಾರಡ್, ವೋಲ್ಟ್ ಎಲ್ಲವೂ ಒಂದೇ ಆಗಿರುವ ಎರಡು ಡಬ್ಬಿಗಳಲ್ಲಿ ಒಂದನ್ನು ಊಟಿಗೂ ಇನ್ನೊಂದನ್ನು ಲಡಾಖಿಗೂ ಕಳುಹಿಸಬೇಕಾಗಿದ್ದರೆ, ಕನ್ನಡಕ ಹಾಕಿಕೊಂಡು ಆ ಅಂಕೆಯನ್ನು ಓದಿಯೇ ಕಟ್ಟಬೇಕು.